ಜಾಬ್ ಕಾರ್ಡಿನಲ್ಲಿ ನಾನು ಬರೆಯದ ದೋಷ

ಮಣಿಪಾಲದ ದಾರಿಯಲ್ಲಿದ್ದ ಒಂದು ಕಾರು ಶೋರೂಮಿನಲ್ಲಿ ನಾನು ಸರ್ವಿಸ್ ಅಡ್ವೈಸರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಗಿರಾಕಿ ಹೇಳುವ ತೊಂದರೆಯನ್ನು ಜಾಬ್ ಕಾರ್ಡಿನಲ್ಲಿ ಬರೆದು, ಕೆಳಗೆ ಅವರ ಸಹಿ ಹಾಕಿಸುವುದು. ಕೇಳುವುದು ಒಂದು, ಬರೆಯುವುದು ಇನ್ನೊಂದು ಎಂಬ ವಿದ್ಯೆಯನ್ನು ಮ್ಯಾನೇಜರ್ ಮೊದಲ ವಾರವೇ ಕಲಿಸಿದ್ದರು. ಹೊಸ ಕಾರಿನಲ್ಲಿ ಒಂದೇ ದೋಷ ಮತ್ತೆ ಮತ್ತೆ ದಾಖಲಾದರೆ ಗಿರಾಕಿ ಗ್ರಾಹಕರ ಆಯೋಗಕ್ಕೆ ಹೋಗಿ ಬೇರೆ ಕಾರು ಕೊಡಿ, ಇಲ್ಲವೇ ಹಣ ವಾಪಸು ಮಾಡಿ ಎನ್ನಬಹುದು. ಆದ್ದರಿಂದ ಎಂಜಿನ್ನೋ ಬ್ರೇಕೋ, ಏನೇ ಇರಲಿ, 'ಜನರಲ್ ಚೆಕಪ್' ಎಂದು ಬರೆಯಬೇಕು. ನಾನು ಬೇಗ ಕಲಿತೆ. ಬುದ್ಧಿವಂತ ಎನ್ನಿಸಿಕೊಂಡೆ ಕೂಡ.

ಶಿರ್ವದಿಂದ ಟೀಚರ್ ಬಂದದ್ದು ಆಗ. ಪ್ರಾಥಮಿಕ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ವಾರಕ್ಕೆರಡು ಸಲ ಗಂಡನನ್ನು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆತರಲೆಂದೇ ನಿವೃತ್ತಿಯ ನಂತರ ಹೊಸ ಕಾರು ಕೊಂಡು, ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಿದ್ದರು. ಆ ಕಾರು ಓಡುತ್ತಿರುವಾಗಲೇ ನಿಂತುಹೋಗುತ್ತಿತ್ತು.

"ಕಟಪಾಡಿಯಲ್ಲಿ ಹೈವೇ ದಾಟುವಾಗಲೇ ನಿಂತಿತು ಮಾರಾಯ. ಹಿಂದೆ ಲಾರಿ ಉಂಟು, ಪಕ್ಕದಲ್ಲಿ ಇವರು. ಜೀವವೇ ಹೋಯಿತು ನನಗೆ."

ನಾನು ತಲೆದೂಗಿ 'ಜನರಲ್ ಚೆಕಪ್' ಎಂದು ಬರೆದೆ. ನಾಲ್ಕು ಸಲ ಬಂದರು, ನಾಲ್ಕು ಸಲವೂ ಅದನ್ನೇ ಬರೆದೆ. ನನ್ನ ಕಾಪಿ ಪುಸ್ತಕದ ಒಂದು ಒತ್ತಕ್ಷರವನ್ನೂ ಬಿಡದೆ ತಿದ್ದುತ್ತಿದ್ದವರು ಇಲ್ಲಿ ಓದದೆ ಸಹಿ ಹಾಕಿದರು. "ಓದಿ ನೋಡಿ ಟೀಚರ್" ಎಂದು ಬಾಯಿಮಾತಿಗೆ ಹೇಳಿದ್ದೆ.

"ನೀನು ಬರೆದದ್ದನ್ನು ಓದುವುದೆಂತ?" ಎಂದು ಅಕ್ಕಪಕ್ಕದವರಿಗೂ ಕೇಳುವಂತೆ ನಕ್ಕರು. ತನ್ನ ಶಿಷ್ಯ ಎಂಬ ಹೆಮ್ಮೆ. ನನಗೆ ಆಗ ನಾಚಿಕೆಯಾಗಲಿಲ್ಲ, ಸದ್ಯ ಪಾರಾದೆ ಅನ್ನಿಸಿತು. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೊನೆಗೆ ಅವರು ಉಡುಪಿಯಲ್ಲಿ ವಕೀಲರೊಬ್ಬರನ್ನು ಕಂಡರು. ವಕೀಲರು ನಾಲ್ಕೂ ಜಾಬ್ ಕಾರ್ಡುಗಳನ್ನು ತಿರುವಿ ನೋಡಿ, ಕಾರು ನಿಂತಿತೆಂಬ ಮಾತು ಎಲ್ಲಿಯೂ ಇಲ್ಲವಲ್ಲ, ಯಾವ ಆಧಾರದ ಮೇಲೆ ದೂರು ಕೊಡುವುದು ಎಂದರಂತೆ. ಟೀಚರ್ ಆ ಕಾಗದಗಳನ್ನು ಹಿಡಿದು ನೇರವಾಗಿ ನನ್ನ ಮೇಜಿನ ಎದುರು ಬಂದು ಕುಳಿತರು. ಬೈಯುತ್ತಾರೆಂದು ನಾನು ಉತ್ತರ ಸಿದ್ಧಮಾಡಿಕೊಂಡು ಕುಳಿತಿದ್ದೆ.

ಅವರು ದನಿ ತಗ್ಗಿಸಿ ಕೇಳಿದರು: "ನಾನೇ ನಿನಗೆ ಸರಿಯಾಗಿ ಹೇಳಲಿಲ್ಲ ಅಂತ ಕಾಣುತ್ತದೆ, ಅಲ್ವಾ? ಗಾಡಿಯ ವಿಷಯ ನನಗೆ ಎಂತದೂ ಗೊತ್ತಿಲ್ಲ."

ಗಾಜಿನ ಆಚೆ ಮ್ಯಾನೇಜರ್ ನಿಂತಿದ್ದರು. ತಪ್ಪು ನನ್ನದು, ಹಾಗೆಂದು ಬರೆದುಕೊಡುತ್ತೇನೆ ಎಂದಿದ್ದರೆ ಸಾಕಿತ್ತು. ಕೆಲಸ ಹೋಗುತ್ತಿತ್ತು, ಅಷ್ಟೇ.

"ಹೌದು ಟೀಚರ್" ಎಂದೆ. "ಸ್ವಲ್ಪ ಬಿಡಿಸಿ ಹೇಳಬೇಕಿತ್ತು."

"ಛೆ, ನಿನಗೂ ಸುಮ್ಮನೆ ತೊಂದರೆ ಕೊಟ್ಟೆ ಮಗ" ಎಂದು ಎದ್ದರು.

ಅಂದು ಡಯಾಲಿಸಿಸ್ ಮುಗಿಸಿ ಬಂದಿದ್ದ ಗಂಡ ಹೊರಗೆ ಕಾರಿನಲ್ಲೇ ಕಣ್ಣು ಮುಚ್ಚಿ ಒರಗಿದ್ದರು. ಟೀಚರ್ ಅವರಿಗೆ ಬೆಲ್ಟ್ ಹಾಕಿ, ಅದೇ ಕಾರನ್ನು ಸ್ಟಾರ್ಟ್ ಮಾಡಿ ಹೈವೇ ಕಡೆಗೆ ಹೊರಟರು. ನಾನು ಗೇಟಿನವರೆಗೆ ಹೋಗಿ ಕೈ ಬೀಸಿದೆ.