ಸೊಟ್ಟ ಎಲೆಗಳು

ಇಸ್ತ್ರಿ ಅಕ್ಕನಿಗೆ ಸೊಟ್ಟಗಿರುವುದನ್ನು ಕಂಡರೆ ಆಗುತ್ತಿರಲಿಲ್ಲ. ಬೀದಿಯವರ ಬಟ್ಟೆಯ ಸುಕ್ಕನ್ನೆಲ್ಲ ಬಿಡಿಸಿ ಬಿಡಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಆದರೂ ದಾರಿಯಲ್ಲಿ ಹೋಗುವವನ ಕಾಲರು ಮಡಚಿಕೊಂಡಿದ್ದರೆ ಕರೆದು ನಿಲ್ಲಿಸಿ ಸರಿಮಾಡಿ ಕಳಿಸುವ ಹೆಂಗಸು ಅವಳು. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಅಂಗಡಿ, ಅದರ ಹಿಂದಿನ ಎರಡು ಕೋಣೆ, ಮತ್ತು ಅಣ್ಣ.

ಅಣ್ಣ ಬಸ್ ಕಂಡಕ್ಟರಾಗಿದ್ದವನು. ಮದುವೆಯ ಗೊಡವೆಗೆ ಹೋಗದೆ, ನಿವೃತ್ತನಾದ ಮೇಲೆ ತಂಗಿಯ ಮನೆ ಸೇರಿದ್ದ. ಈಚೆಗೆ ಪೇಪರು ಓದುವುದನ್ನು ಬಿಟ್ಟ, ರಸ್ತೆಗೆ ಇಳಿಯುವುದನ್ನೂ ಬಿಟ್ಟ. ಯಾಕೆಂದು ಕೇಳಿದರೆ, "ಬಸ್ಸಲ್ಲೇ ಒಂದು ಜನ್ಮಕ್ಕಾಗೋಷ್ಟು ನಡ್ದಿದೀನಿ ಕಣೇ, ಸಾಕು" ಎನ್ನುವನು. ವಯಸ್ಸಾಯಿತು, ಸೋಮಾರಿತನ ಎಂದು ಅವಳೂ ಸುಮ್ಮನಾದಳು. ಹೆಚ್ಚು ಕೇಳಲು ಅವಳಿಗೆ ತ್ರಾಣವಾದರೂ ಎಲ್ಲಿತ್ತು?

ಅವನಿಗೆ ಉಳಿದಿದ್ದ ಒಂದೇ ಖುಷಿ ಮಧ್ಯಾಹ್ನದ ರಮ್ಮಿ. ಎದುರಿನ ಟೈಲರ್, ಪಕ್ಕದ ಕಟಿಂಗ್ ಶಾಪಿನವನು ಊಟ ಮುಗಿಸಿ ಬಂದು ಇಸ್ತ್ರಿ ಮೇಜಿನ ಪಕ್ಕದಲ್ಲೇ ಸ್ಟೂಲು ಎಳೆದುಕೊಳ್ಳುತ್ತಿದ್ದರು. ಎಲೆ ಬಿಸಾಡುವವನು ಅದರ ಹೆಸರನ್ನು ಬಾಯಿಬಿಟ್ಟು ಹೇಳಬೇಕೆಂದು ಟೈಲರ್ ಹೋದ ವರ್ಷ ಒಂದು ಕಾನೂನು ತಂದಿದ್ದ. "ಕಳಾವರ್ ಎಂಟು", "ಆಟೀನು ಗುಲಾಮ" ಎಂದು ಮೂವರು ಮುದುಕರು ಕೂಗುವುದನ್ನು ಕೇಳಿ, ಇವರಿಗೇನು ಅರಳುಮರುಳೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆ ಇಸ್ಪೀಟು ಕಟ್ಟು ಮಾತ್ರ ನೋಡಲಾಗದ ಸ್ಥಿತಿಯಲ್ಲಿತ್ತು. ಪ್ಲಾಸ್ಟಿಕ್ ಎಲೆಗಳು, ಇಸ್ತ್ರಿಯ ಕಾವಿಗೋ ಅಣ್ಣನ ಬೆರಳ ಹಿಡಿತಕ್ಕೋ ಒಂದೊಂದೂ ಒಂದೊಂದು ಥರ ತಿರುಚಿಕೊಂಡಿದ್ದವು. ಒಂದರ ಮೂಲೆ ಎದ್ದಿದ್ದರೆ ಇನ್ನೊಂದರ ನಡು ಬಾಗಿತ್ತು. ಈ ದರಿದ್ರ ಎಲೆ ಹಿಡಿದು ಬೇಸತ್ತು ಅವರಿಬ್ಬರೂ ಬರುವುದನ್ನೇ ಬಿಟ್ಟರೆ? ಆಮೇಲೆ ಅಣ್ಣ ಗೋಡೆ ನೋಡಿಕೊಂಡು ಕೂರಬೇಕು. ಆ ಭಯ ಅವಳನ್ನು ಕೊರೆಯತೊಡಗಿತು.

ಗೆಳೆಯರಿಬ್ಬರೂ ಯಾರದೋ ಮದುವೆಗೆಂದು ಊರು ಬಿಟ್ಟಾಗ ಅವಳು ಅಣ್ಣನಿಗೆ ಹೇಳದೆ ಕಟ್ಟು ಎತ್ತಿಕೊಂಡಳು. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಒಂದೊಂದೇ ಎಲೆಯನ್ನು ಅದ್ದಿ ಹಳೇ ಪಂಚೆಯ ಚೂರಿನಿಂದ ಒರೆಸಿದಳು. ಇಸ್ತ್ರಿ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ. ಹಾಗಾಗಿ ಬರೀ ಹಲಗೆಗಳನ್ನು ಕಾಯಿಸಿ, ಬಟ್ಟೆ ಸುತ್ತಿದ ಎಲೆಗಳನ್ನು ನಡುವೆ ಇಟ್ಟು, ಮೇಲೆ ಭಾರಕ್ಕೆಂದು ಹಳೇ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಖಾಲಿಯಾಗಿಯೇ ಹೇರಿದಳು. ಬಿಸಿಯಲ್ಲೇ ತೆಗೆದರೆ ಮತ್ತೆ ಸೊಟ್ಟಗಾಗುತ್ತವೆಂದು ಪೂರ್ತಿ ಆರುವ ತನಕ ಕಾದಳು. ಹೊರಗೆ ತೆಗೆದರೆ ಹೊಸ ಕಟ್ಟೇ ಸೈ. ಎಷ್ಟೋ ದಿನದ ಮೇಲೆ ಅವಳಿಗೆ ತನ್ನ ಕೈಯ ಬಗ್ಗೆ ತನಗೇ ಹೆಮ್ಮೆ ಅನ್ನಿಸಿತು.

ಗೆಳೆಯರು ವಾಪಸು ಬಂದರು. ಟೈಲರ್ ಎಲೆ ಹಂಚುತ್ತ ಒಮ್ಮೆ ಕಟ್ಟನ್ನು, ಒಮ್ಮೆ ಅವಳನ್ನು ನೋಡಿದ. ಹೊಗಳುತ್ತಾನೇನೋ ಎಂದು ಕಾದಳು. ಅವನು ಮಿಕ್ಕ ಎಲೆಗಳನ್ನೂ ಹಂಚಿ ಮುಗಿಸಿದ. ಅಣ್ಣ ತನ್ನ ಎಲೆಗಳ ಮೂಲೆ ಸವರಿದ, ಅಂಚು ಸವರಿದ, ಮತ್ತೆ ಸವರಿದ. ಹಣೆಯಲ್ಲಿ ಬೆವರು ಕಾಣಿಸಿತು. ಕೊನೆಗೆ ಒಂದನ್ನು ಎಳೆದು ಹಾಕಿದ.

"ಕಳಾವರ್ ಎಂಟು."

ಬಿದ್ದದ್ದು ಇಸ್ಪೀಟು ರಾಜ.

ಕಟಿಂಗ್ ಶಾಪಿನವನು ಆ ರಾಜನನ್ನೇ ನೋಡಿದ. ಆಮೇಲೆ ಏನೂ ಆಗದವನಂತೆ, "ಎಂಟು ನಂಗ್ಯಾಕೆ, ಬೇಡ" ಎಂದು ಕಟ್ಟಿನಿಂದ ಇನ್ನೊಂದು ಎತ್ತಿಕೊಂಡ. ಇಸ್ತ್ರಿ ಅಕ್ಕ ಇಸ್ತ್ರಿ ಸರಿಸುವುದನ್ನೇ ಮರೆತಳು. ಅವಳ ಕೈಕೆಳಗೆ ಯಾರದೋ ಅಂಗಿ ಸೀದ ವಾಸನೆ ಬಂತು.

ಅವತ್ತು ಆಟ ಬೇಗ ಮುಗಿಯಿತು. ಟೈಲರ್ ಬಾಗಿಲ ಹೊರಗೆ ನಿಂತು ಸನ್ನೆ ಮಾಡಿ ಅವಳನ್ನು ಕರೆದ.

"ಹೋದ ವರ್ಷದಿಂದ ನಿಮ್ಮಣ್ಣನಿಗೆ ಎಲೆ ಮೇಲಿರೋದು ಏನೂ ಕಾಣಲ್ಲ ಅಕ್ಕಾ. ಆ ಸೊಟ್ಟ ಮುಟ್ಟಿ ಗುರುತು ಹಿಡ್ಕೊಂಡೇ ಆಡ್ತಿದ್ದ. ನಮಗೆ ಗೊತ್ತು ಅಂತ ಅವನಿಗೆ ಗೊತ್ತಿಲ್ಲ, ಹೇಳ್ಬೇಡಿ. ಗೊತ್ತಾದ್ರೆ ನಾಚಿಕೊಂಡು ಆಟಕ್ಕೇ ಬರಲ್ಲ."

ಅವಳು ಇಸ್ತ್ರಿ ಮೇಜಿಗೆ ವಾಪಸು ಬಂದಳು. ಮೂರು ಹೊತ್ತೂ ತಟ್ಟೆ ಇಟ್ಟವಳು, ಬಟ್ಟೆ ಒಗೆದವಳು ತಾನು. ಕಂಡವರಿಗೆ ಗೊತ್ತಾದದ್ದು ತನಗೆ ಗೊತ್ತಾಗಲಿಲ್ಲ. ದಣಿವು ದಣಿವು ಎಂದು ಒಡಹುಟ್ಟಿದವನ ಮುಖವನ್ನೇ ನೋಡದೆ ವರ್ಷ ಕಳೆದಿದ್ದಳು. ಕೋಪ ಯಾರ ಮೇಲೆಂದು ತಿಳಿಯದೆ ಸೀದ ಅಂಗಿಯನ್ನು ಮೂಲೆಗೆ ಎಸೆದಳು.

ಅಣ್ಣ ಇನ್ನೂ ಸ್ಟೂಲಿನಿಂದ ಎದ್ದಿರಲಿಲ್ಲ.

"ಎಲೆಗೆ ಏನು ಮಾಡ್ದೆ?"

"ನೆಟ್ಟಗೆ ಮಾಡ್ದೆ. ಚೆನ್ನಾಗಿರಲಿ ಅಂತ. ನಂಗಾದ್ರೂ ಹೇಳ್ಬಾರ್ದಿತ್ತಾ ಅಣ್ಣಾ?"

"ಸಂಜೆ ಆದ್ರೆ ನಿಂತಲ್ಲೇ ತೂಕಡಿಸ್ತೀಯ. ನಿನ್ನ ತಲೆ ಮೇಲೆ ಇದನ್ನೂ ಹೇರ್ಲಾ?" ಅವನು ದನಿ ತಗ್ಗಿಸಿದ. "ಅವರಿಬ್ಬರಿಗೆ ಗೊತ್ತಾಯ್ತಾ?"

"ಇಲ್ಲ," ಎಂದಳು. "ಅವರಿಗೆ ಏನೂ ಗೊತ್ತಾಗಿಲ್ಲ."

ಅಣ್ಣ ನಿಟ್ಟುಸಿರು ಬಿಟ್ಟ. ನಾಳೆ ಮಧ್ಯಾಹ್ನ ಅವರು ಬಂದೇ ಬರುತ್ತಾರೆ. ಅವಳು ಬೇರೆಯವರ ಬಟ್ಟೆಯ ಗಂಟನ್ನು ಪಕ್ಕಕ್ಕೆ ತಳ್ಳಿ, ಹಲಗೆ ಬಿಸಿಗೆ ಇಟ್ಟು, ಅವನ ಎದುರಿನ ಸ್ಟೂಲಿನಲ್ಲಿ ಕೂತಳು. ಕಟ್ಟಿನ ಮೇಲಿನ ಎಲೆ ತೆಗೆದು ಅವನ ಕೈಯಲ್ಲಿಟ್ಟಳು.

"ಇದು ಆಟೀನು ರಾಣಿ. ಎಲ್ಲಿ ಬಗ್ಗಿಸ್ಲಿ, ಹೇಳು."