ಸುದೃಢ ಎಂದು ಬರೆದೆ, ತಕ್ಕಡಿ ಬಂತು

ಮಗುವಿನ ಮೈ ಅತಿಯಾಗಿ ಬೆಳೆದರೆ ಅದು ತಾಯಿಯ ಅಡುಗೆಮನೆಗೆ ಸೇರಿದ ವಿಷಯವೇ, ಊರಿಗೆ ಸೇರಿದ ವಿಷಯವೇ? ನೀವಾದರೆ ಏನೆನ್ನುತ್ತೀರಿ? 2011ರಲ್ಲಿ ನನ್ನ ಬಳಿ ಈ ಪ್ರಶ್ನೆಗೆ ಸಿದ್ಧ ಉತ್ತರವಿತ್ತು. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ನಡುವೆ ಬೆಳೆದವಳು ನಾನು. ಉತ್ತರವಿಲ್ಲದೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಮದುವೆಯಾಗಿ ಮರಾಠಿ ನಾಡಿನ ಘಣಸೋಲಿಗೆ ಬಂದು ಆಗ ಆರು ವರ್ಷಗಳಾಗಿದ್ದವು. ಹಗಲು ವಾಶಿಯ ಕಚೇರಿಯೊಂದರಲ್ಲಿ ನೌಕರಿ. ಶನಿವಾರ ಸಂಜೆ ನಮ್ಮ ಸೆಕ್ಟರಿನ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುವ ತರಗತಿ. ಅದು ನಡೆಯುತ್ತಿದ್ದುದು ಮೂರನೆಯ ಮಹಡಿಯಲ್ಲಿ. ಎಂಟು-ಒಂಬತ್ತು ವರ್ಷದ ಮಕ್ಕಳು ಮೆಟ್ಟಿಲು ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದರು. ಅವರಿಗಿಂತ ನಾನೇ ಸಲೀಸಾಗಿ ಹತ್ತುತ್ತಿದ್ದೆ. ಇದೇಕೆ ಹೀಗೆ ಎಂಬ ಕುತೂಹಲ ಅಲ್ಲಿಂದ ಶುರುವಾಯಿತು.

ಸೊರಗಿದ ಮಗುವಿಗಾಗಿ ಸರ್ಕಾರ ಹಣ ತೆಗೆದಿರಿಸುತ್ತದೆ; ಅದು ನ್ಯಾಯವೇ. ಆದರೆ ಆಡಲು ಜಾಗವಿಲ್ಲದೆ, ಶಾಲೆಯ ಗೇಟಿನೆದುರು ಸಿಗುವ ಕರಿದ ತಿಂಡಿಯನ್ನೇ ತಿಂದು ಊದಿಕೊಂಡ ಮಗುವಿಗೆ ಏಕೆ ಏನೂ ಇಲ್ಲ? ಹೀಗೆ ವಾದ ಹೂಡಿ, ನಮ್ಮ ವಾರ್ಡ್ ಕಚೇರಿಯ ಆರೋಗ್ಯ ನಿಧಿಗೆ ನಾಲ್ಕು ಪುಟಗಳ ಅರ್ಜಿ ಬರೆದೆ. ಅರ್ಜಿ ಮರಾಠಿಯಲ್ಲಿರಬೇಕಿತ್ತು. ಕನ್ನಡದಲ್ಲಿ ‘ಸುದೃಢ ಮಕ್ಕಳ ಅಭಿಯಾನ’ ಎಂದು ಹೆಸರಿಟ್ಟಿದ್ದೆ. ಸಂಸ್ಕೃತದ ಪದ, ಎರಡೂ ಭಾಷೆಗೆ ಒಂದೇ ಎಂಬ ಧೈರ್ಯದಿಂದ ಮರಾಠಿಯಲ್ಲೂ ‘ಸುದೃಢ ಬಾಲಕ’ ಎಂದೇ ಬರೆದೆ.

ಎರಡೇ ವಾರದಲ್ಲಿ ಮಂಜೂರಾಯಿತು. ನಾಲ್ಕು ಪುಟಗಳ ತರ್ಕ ಗೆದ್ದಿತೆಂದು ನಾನು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆದೆ. ವಿನೋದಕ್ಕನ ಮನೆಗಂತೂ ಎರಡು ಸಲ ಹೋದೆ. ಅವರು ಉಡುಪಿ ಕಡೆಯವರು. ಅವರ ಯಜಮಾನರದು ಸ್ಟೇಷನ್ ಹತ್ತಿರ ಚಿಕ್ಕ ಹೋಟೆಲು. ಅವರ ಒಂಬತ್ತು ವರ್ಷದ ಮಗಳು ಪ್ರಜ್ಞಾ ನನ್ನ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಏದುಸಿರು ಬಿಡುವ ಹುಡುಗಿ, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವ ಹುಡುಗಿಯೂ ಹೌದು. “ಖಂಡಿತ ಕರಕೊಂಡ ಬರ್ರಿ ಅಕ್ಕಾರ, ಆಕೀ ಒಳ್ಳೇದಕ್ಕ” ಎಂದು ಹೇಳಿ ಬಂದೆ.

ಆ ಭಾನುವಾರ ಬೆಳಿಗ್ಗೆ ಸಭಾಗೃಹಕ್ಕೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ವೇದಿಕೆಯ ಹಿಂದೆ ದುಂಡು ಕೆನ್ನೆಯ ಕೂಸಿನ ದೊಡ್ಡ ಬ್ಯಾನರು, ಮುಂದೆ ತೂಕದ ಯಂತ್ರ, ಮೇಜಿನ ಮೇಲೆ ಮೂರು ಕಪ್ಪುಗಳು. ವಾರ್ಡ್ ಕಚೇರಿಯ ಗುಮಾಸ್ತ ಜಾಧವರು ಹೆಮ್ಮೆಯಿಂದ ಬಂದು ಹೇಳಿದರು: “ಸುದೃಢ ಮ್ಹಣಜೆ ಗುಟಗುಟೀತ ನಾ, ಮ್ಯಾಡಮ್! ದರ್‌ವರ್ಷೀ ಕರತೋ ಆಪಣ.”

ಗುಟಗುಟೀತ ಎಂದರೆ ಗುಂಡು ಗುಂಡಾದ ಮಗು. ಅಲ್ಲಿ ‘ಸುದೃಢ ಬಾಲಕ’ ಎಂಬುದು ವರ್ಷವೂ ನಡೆಯುವ ಸ್ಪರ್ಧೆಯ ಹೆಸರು. ಹೆಚ್ಚು ತೂಗುವ ಕೂಸಿಗೆ ಬಹುಮಾನ. ನನ್ನ ಅರ್ಜಿಯಲ್ಲಿ ಶಾಲಾಮಕ್ಕಳ ಮಾತಿದ್ದುದರಿಂದ ಈ ಸಲ ಹತ್ತು ವರ್ಷದವರೆಗಿನ ಮಕ್ಕಳನ್ನೂ ಸೇರಿಸಿದ್ದರು. ಶೀರ್ಷಿಕೆಯ ಕೆಳಗಿನ ನಾಲ್ಕು ಪುಟಗಳನ್ನು ಯಾರೂ ಓದಿರಲಿಲ್ಲ.

ಆಗಲೇ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೊನೆಯಲ್ಲಿ ನನ್ನದೊಂದು ಹತ್ತು ನಿಮಿಷದ ಭಾಷಣವಿತ್ತು. ಅದರಲ್ಲಿ ಎಲ್ಲವನ್ನೂ ಸರಿಪಡಿಸುವೆನೆಂಬ ಹುಮ್ಮಸ್ಸು ನನ್ನದು.

ಭಾಷಣದವರೆಗೆ ಹೋಗಬೇಕಾಗಲೇ ಇಲ್ಲ. ಪ್ರಜ್ಞಾ ಯಂತ್ರದ ಮೇಲೆ ನಿಂತಳು. ಮೈಕಿನಲ್ಲಿ “ಅಠ್ಠೇಚಾಳೀಸ್ ಕಿಲೋ!” ಎಂದು ಕೂಗಿದರು. ಚಪ್ಪಾಳೆ, ಸಿಳ್ಳೆ. ಹಿಂದಿನ ಸಾಲಿನಿಂದ ಯಾರೋ “ಹಾಥಿ!” ಎಂದು ಆನೆಗೆ ಹೋಲಿಸಿದರು. ನಲವತ್ತೆಂಟು ಕಿಲೋಗೆ ಮೊದಲ ಬಹುಮಾನ. ವಿನೋದಕ್ಕ ಮೊದಲು ನಕ್ಕರು. ಮಗಳ ಮುಖ ಕಂಡು ಅವರ ನಗು ಅರ್ಧಕ್ಕೇ ನಿಂತಿತು. ಪ್ರಜ್ಞಾ ಕಪ್ಪು ತೆಗೆದುಕೊಳ್ಳದೆ ಕೆಳಗಿಳಿದು, “ಮಮ್ಮೀ, ಘರ್ ಚಲ್” ಎಂದು ಮನೆಯ ದಾರಿ ಹಿಡಿದಳು. ಅವರ ಹಿಂದೆ ಓಡಿದೆನಾದರೂ, ರಿಕ್ಷಾ ಆಗಲೇ ಹೊರಟಿತ್ತು.

ಗುರುವಾರ ಸಂಜೆ ವಿನೋದಕ್ಕ ನಮ್ಮ ಬಾಗಿಲಿಗೆ ಬಂದರು.

“ಎಂತ ಮಾರಾಯ್ರೆ ನೀವು! ಒಳ್ಳೇದಾಗ್ತದೆ ಅಂತ ಕರ್ದದ್ದು ನೀವೇ ಅಲ್ವಾ? ನಾಲ್ಕು ದಿನ ಆಯ್ತು, ಹುಡುಗಿ ಶಾಲೆಗೂ ಹೋಗುದಿಲ್ಲ, ಊಟಕ್ಕೂ ಕೂರುದಿಲ್ಲ. ದೋಸೆ ಕೊಟ್ರೆ ಅರ್ಧ ತುಂಡು ಮಾಡಿ ಬದಿಗಿಡ್ತಾಳೆ.”

“ನಂದ ತಪ್ಪರೀ ಅಕ್ಕಾರ. ನಾ ಬರ್ತೀನಿ, ಆಕೀ ಜೋಡಿ ಮಾತಾಡ್ತೀನಿ.”

“ಮಾತಾಡಿಯೇ ಅಲ್ವಾ ಇಷ್ಟಾದ್ದು!” ಎಂದರು ವಿನೋದಕ್ಕ. ಆದರೂ ಕರೆದುಕೊಂಡು ಹೋದರು.

ಕ್ಷಮೆ ಕೇಳುವುದಕ್ಕೂ ದಾರಿಯುದ್ದಕ್ಕೂ ಮೂರು ಅಂಶಗಳನ್ನು ಜೋಡಿಸಿಕೊಂಡಿದ್ದೆ. ಪ್ರಜ್ಞಾ ಮನೆಯೊಳಗಿರಲಿಲ್ಲ; ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: “ಆಂಟೀ, ಆಪ್ಕಾ ವಜನ್ ಕಿತ್ನಾ ಹೈ?”

ನಿಮ್ಮ ತೂಕ ಎಷ್ಟು? ಇಷ್ಟೇ ಪ್ರಶ್ನೆ. ಯಾವ ವೇದಿಕೆಯಲ್ಲೂ ತಡವರಿಸದವಳು ಅಲ್ಲಿ ತಡವರಿಸಿದೆ. ಕೊನೆಗೆ ಮೆಲ್ಲಗೆ, “ಏಕತ್ತರ್” ಎಂದೆ. ಎಪ್ಪತ್ತೊಂದು.

“ಜೋರ್ ಸೇ ಬೋಲೋ. ಮೈಕ್ ಜೈಸಾ.”

ಮೈಕಿನಲ್ಲಿ ಕೂಗಿದಷ್ಟೇ ಜೋರಾಗಿ ಹೇಳಬೇಕಂತೆ. ಕಣ್ಣು ಮುಚ್ಚಿಕೊಂಡು “ಏಕತ್ತರ್ ಕಿಲೋ!” ಎಂದು ಕೂಗಿದೆ. ಮೆಟ್ಟಿಲುಗಳ ನಡುವೆ ಅದು ಕೆಳಗಿನವರೆಗೂ ಮೊಳಗಿತು. ಕೆಳಮಹಡಿಯ ಬಾಗಿಲೊಂದು ತೆರೆದು, ಹೆಂಗಸಿನ ದನಿ ಬಂತು: “ಕ್ಯಾ ಏಕತ್ತರ್ ಕಿಲೋ? ರದ್ದೀವಾಲಾ ಆಯಾ ಕ್ಯಾ?”

ಹಳೇ ಪೇಪರ್ ಕೊಳ್ಳುವವನು ತೂಕ ಮಾಡುತ್ತಿದ್ದಾನೆಂದು ಅವರು ತಿಳಿದಿದ್ದರು. ವಿನೋದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪ್ರಜ್ಞಾ ನಕ್ಕೇಬಿಟ್ಟಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಜೋಡಿಸಿ ತಂದ ಅಂಶಗಳೆಲ್ಲ ಎಲ್ಲಿಗೋ ಹೋಗಿದ್ದವು. “ತಪ್ಪಾತು ಪುಟ್ಟಿ” ಎಂದಷ್ಟೇ ಹೇಳಿದೆ.

ನಂತರ ನಿಜವಾದ ಕುತೂಹಲದಿಂದ ಮೊದಲ ಬಾರಿಗೆ ಅವಳನ್ನೇ ಕೇಳಿದೆ: ಶಾಲೆ ಬಿಟ್ಟ ಮೇಲೆ ಏನು ಮಾಡುತ್ತೀ? ಟ್ಯೂಷನ್, ಟಿವಿ, ಊಟ ಎಂದಳು. ಹಗ್ಗದಾಟ ಇಷ್ಟವಂತೆ. ಆದರೆ ಮನೆಯಲ್ಲಿ ಹಾರಿದರೆ, ಈಗ ರದ್ದೀವಾಲಾ ಎಂದರಲ್ಲ, ಅದೇ ಕೆಳಗಿನ ಆಂಟಿ ಪೊರಕೆಯ ಕೋಲಿನಿಂದ ತಮ್ಮ ಮನೆಯ ಛಾವಣಿ ಕುಟ್ಟುತ್ತಾರಂತೆ. “ಹಾಗಾದರೆ ಮೈದಾನ?” ಎಂದೆ. ಅವಳು ಮೆಟ್ಟಿಲ ಕಿಟಕಿಯಿಂದ ಬೆರಳು ತೋರಿಸಿದಳು. ಕೆಳಗೆ ಸಾರ್ವಜನಿಕ ಹಣದಲ್ಲೇ ಮಾಡಿದ ಆಟದ ಮೈದಾನ, ಗೇಟಿಗೆ ಬೀಗ. ಬೆಳಿಗ್ಗೆ ವಾಕಿಂಗ್‌ನವರಿಗೆ ತೆರೆಯುತ್ತಾರೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮುಚ್ಚುತ್ತಾರೆ. ಸಂಜೆ ಕಾಯುವವರಿಲ್ಲವೆಂದು ತೆರೆಯುವುದೇ ಇಲ್ಲ. ದಿನವೂ ಆ ಗೇಟಿನ ಮುಂದೆಯೇ ನಡೆದು ಹೋಗುತ್ತಿದ್ದವಳು ನಾನು.

ಮರುದಿನ ಪ್ರಜ್ಞಾ ಶಾಲೆಗೆ ಹೋದಳು. ಹುಡುಗರು ಕೆಲವು ದಿನ “ಕಪ್‌ವಾಲೀ” ಎಂದು ಚುಡಾಯಿಸಿದರಂತೆ. ನಾನು ವಾರ್ಡ್ ಕಚೇರಿಗೆ ಹೊಸ ಅರ್ಜಿ ಒಯ್ದೆ. ಈ ಸಲ ಎರಡೇ ಸಾಲು, ಪಕ್ಕದ ಮನೆಯ ಮರಾಠಿ ಅಜ್ಜಿಗೆ ಓದಿ ಹೇಳಿ ಬರೆದದ್ದು: ಆರೋಗ್ಯ ನಿಧಿಯಿಂದ ಮೈದಾನಕ್ಕೆ ಸಂಜೆಯ ಕಾವಲುಗಾರನನ್ನು ನೇಮಿಸಿ, ಐದರಿಂದ ಏಳೂವರೆಯವರೆಗೆ ಮಕ್ಕಳಿಗೆ ಗೇಟು ತೆರೆಯಿರಿ. ಜಾಧವರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, “ಯಾತ್ ಬಕ್ಷೀಸ್ ಕುಠೇ ಆಹೇ, ಮ್ಯಾಡಮ್?” ಎಂದರು. ಇದರಲ್ಲಿ ಬಹುಮಾನ ಇಲ್ಲ ಸಾಹೇಬರೇ, ಬೀಗದ ಕೈ ಮಾತ್ರ ಎಂದೆ. ಭಾನುವಾರದ ಬಳಿಕ ನಡೆದುದನ್ನೂ ಪೂರ್ತಿ ಹೇಳಿದೆ. ಅವರು ತಮಗೂ ಅದೇ ವಯಸ್ಸಿನ ಮಗಳಿದ್ದಾಳೆಂದು ಹೇಳಿ ಅರ್ಜಿಗೆ ಮೊಹರು ಒತ್ತಿದರು.

ಗೇಟು ತೆರೆಯಲು ಏಳು ತಿಂಗಳು ಹಿಡಿಯಿತು. ಕಾವಲುಗಾರ ರಜೆ ಹಾಕಿದ ದಿನ ಈಗಲೂ ತೆರೆಯುವುದಿಲ್ಲ. ಆದರೂ ಉಳಿದ ಸಂಜೆಗಳಲ್ಲಿ ಅಲ್ಲಿ ಮಕ್ಕಳ ಗದ್ದಲವಿರುತ್ತದೆ.

ಇದನ್ನು ಬರೆಯುತ್ತಿರುವ 2019ರಲ್ಲಿ ಪ್ರಜ್ಞಾ ಕಾಲೇಜು ಸೇರಿದ್ದಾಳೆ. ಹಗ್ಗದಾಟದಲ್ಲಿ ಚಿಕ್ಕ ಮಕ್ಕಳಿಗೆ ಅವಳೇ ಗುರು. ಆದರೆ ತೂಕದ ಯಂತ್ರ ಕಂಡರೆ ಇಂದಿಗೂ ದೂರ ಸರಿಯುತ್ತಾಳೆ. ಅದು ನನ್ನ ಪಾಲಿನ ತಪ್ಪು. ಯಾವ ಅರ್ಜಿಯೂ ಅದನ್ನು ಹಿಂದಕ್ಕೆ ಪಡೆಯಲಾರದು. ಮಕ್ಕಳ ಮೈ ಊರಿನ ವಿಷಯವೆಂದೇ ಈಗಲೂ ನಂಬಿದ್ದೇನೆ. ಊರಿನ ಹಣ ಖರ್ಚಾಗುವ ಮೊದಲು ಮಕ್ಕಳ ಮಾತು ಕೇಳಬೇಕೆಂಬುದನ್ನು ಮಾತ್ರ ಆಗ ನಾನು ಅರಿತಿರಲಿಲ್ಲ.

ಓದುಗರಲ್ಲಿ ನನ್ನದೊಂದು ಬೇಡಿಕೆ: ಈ ವಾರ ನಿಮ್ಮ ವಾರ್ಡ್ ಕಚೇರಿಗೆ ಹೋಗಿ, ನಿಮ್ಮ ಭಾಗದ ಆಟದ ಮೈದಾನ ಮಕ್ಕಳಿಗೆ ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೋಗುವಾಗ ಒಂದು ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ.