ಮಿರಿಯಮ್ ಆಂಟಿಯ ದೇವರು ನನ್ನನ್ನು ನಂಬಿದ್ದು

"ನಿಮ್ಮಲ್ಲಿ ತುಂಬಾ ಪೊಟೆನ್ಶಿಯಲ್ ಇದೆ" ಎಂದು ಅಮೆರಿಕದಲ್ಲಿ ನನಗೆ ಮೊದಲು ಹೇಳಿದವರು, ಇಂಡಿಯನ್ ಅಂಗಡಿಯಲ್ಲಿ ಮೆಂತ್ಯ ಆರಿಸುವಾಗ ಸಿಕ್ಕ ಕನ್ನಡದ ದಂಪತಿ. ಗದುಗಿನಲ್ಲಿ ನನಗೆ ಅಂಥ ಮಾತು ಯಾರೂ ಆಡಿರಲಿಲ್ಲ. ಹಿಗ್ಗಿ ಊಟಕ್ಕೆ ಕರೆದೆ. ರೊಟ್ಟಿ, ಎಣ್ಣೆಗಾಯಿ ಉಂಡು, ಕೈ ತೊಳೆದು, ಬ್ಯಾಗಿನಿಂದ ಸೋಪು, ವಿಟಮಿನ್ ಗುಳಿಗೆ ತೆಗೆದು ಟೇಬಲ್ ಮೇಲೆ ಜೋಡಿಸಿದರು. ನಾನು ಅವರ ಕೈಕೆಳಗೆ ಸೇರಿ ಅವನ್ನು ಮಾರಬೇಕಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಈ ದೇಶದಲ್ಲಿ ನಾನು ಕಲಿತದ್ದು ಅಂದು.

ಹಾಗಾಗಿ ನಾವಿದ್ದ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿ ಪಕ್ಕದ ಮನೆಯ ಯಹೂದಿ ಮುದುಕಿ ಮಿರಿಯಮ್ ಅದೇ ಮಾತು ಹೇಳಿದಾಗ, ನಾನು ಸೋಪಿಗಾಗಿ ಕಾದೆ. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ಆಂಟಿ ಎನ್ನುತ್ತಿದ್ದೆ. ಕಾರಿನಲ್ಲಿ ಎರಡು-ಮೂರು ತಾಸಿನ ದೂರದ ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಯಲ್ಲಿದ್ದ ತಂಗಿ ಆಗ ತುಂಬು ಬಸುರಿ. ಅವ್ವನಿಗೆ ವೀಸಾ ಸಿಗದೆ ಬಾಣಂತನ ನನ್ನ ಪಾಲಿಗೆ ಬಂದಿತ್ತು. ನನ್ನ ಗಂಡ ಕೆಲಸದ ಮೇಲೆ ಬೇರೆ ರಾಜ್ಯದಲ್ಲಿ. ನನಗೆ ಲೈಸೆನ್ಸೇನೋ ಇತ್ತು. ಆದರೆ ಫ್ರೀವೇ, ಅಂದರೆ ಸಿಗ್ನಲ್ಲೇ ಇಲ್ಲದೆ ಕಾರುಗಳು ನುಗ್ಗುವ ಹೆದ್ದಾರಿ, ಕಂಡರೆ ಗಲ್ಲಿ ರಸ್ತೆಗೆ ತಿರುಗಿಬಿಡುತ್ತಿದ್ದೆ. ಆಂಟಿ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿದರು.

"ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಜೀವ ಮರಳಿ ಕೊಟ್ಟದ್ದಕ್ಕೆ ನಾವು ದೇವರಿಗೆ ಥ್ಯಾಂಕ್ಸ್ ಹೇಳ್ತೇವೆ," ಎಂದರು ಒಮ್ಮೆ. "ಕೊನೆಗೆ, ನಿನ್ನ ನಂಬಿಕೆ ದೊಡ್ಡದು ಅಂತೇವೆ. ನಾವು ಅವನನ್ನ ನಂಬೋದಲ್ಲ, ಅವನು ನಮ್ಮನ್ನ ನಂಬೋದು. ನಿನ್ನಿಂದ ಇವತ್ತು ಏನೂ ಆಗಲ್ಲ ಅನ್ನಿಸಿದ್ರೆ ನಿನ್ನನ್ನ ಯಾಕೆ ಎಬ್ಬಿಸ್ತಿದ್ದ?"

ಓಹೋ, ಮತಾಂತರ! ಕೇಳಿಯೇಬಿಟ್ಟೆ. "ನಾನು ನಿಮ್ಮ ಧರ್ಮಕ್ಕೆ ಸೇರಬೇಕಾ?"

ಆಂಟಿ ಬೆಚ್ಚಿಬಿದ್ದರು. "ಅಯ್ಯೋ, ಬೇಡ! ತಾವಾಗಿ ಬಂದವರನ್ನೇ ನಮ್ಮ ಗುರುಗಳು ವಾಪಸ್ ಕಳಿಸ್ತಾರೆ. ನೀನು ಕನ್ನಡಿ ನೋಡಿ ಲೇನ್ ಬದಲಿಸು."

ಮಾರುವುದಕ್ಕೂ ಅಲ್ಲ, ಸೇರಿಸಿಕೊಳ್ಳುವುದಕ್ಕೂ ಅಲ್ಲ ಎಂದರೆ ಮತ್ತೇಕೆ? ನನ್ನ ಗುಮಾನಿ ಇನ್ನೂ ಹೆಚ್ಚಿತು.

ತಂಗಿಗೆ ನೋವು ಬಂದದ್ದು ಶನಿವಾರ. ಅಂದು ಶಬ್ಬಾತ್, ಅವರ ವಿರಾಮದ ದಿನ. ಆಂಟಿ ಕಾರು ಹತ್ತುವುದಿಲ್ಲ. "ಜೀವಕ್ಕೆ ಅಪಾಯ ಇದ್ದಿದ್ರೆ ಬರ್ತಿದ್ದೆ. ತಂಗಿ ಹತ್ರ ಗಂಡ ಇದ್ದಾನೆ, ಡಾಕ್ಟರ್ ಇದ್ದಾರೆ. ನೀನು ಹೋಗು, ನಿನಗೆ ನಾನು ಬೇಕಿಲ್ಲ," ಎಂದು ಬಾಗಿಲಲ್ಲೇ ನಿಂತರು. ನಡುನೀರಿನಲ್ಲಿ ಕೈಬಿಟ್ಟರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಅವರನ್ನೂ ಅವರ ದೇವರನ್ನೂ ಗದುಗಿನ ಮಾತಿನಲ್ಲಿ ಬೈಯುತ್ತ, ಬಲಕ್ಕೆ ಸಮುದ್ರ ಬಂದದ್ದನ್ನೂ ಗಮನಿಸದೆ, ಆಸ್ಪತ್ರೆ ಮುಟ್ಟಿದೆ. ಸಂಜೆಯ ಹೊತ್ತಿಗೆ ತಂಗಿಯ ಕೂಸು ನನ್ನ ಮಡಿಲಲ್ಲಿತ್ತು.

ಕಾಲಿಂಗ್ ಕಾರ್ಡಿನ ನಂಬರು ಒತ್ತಿ ಊರಿಗೆ ಫೋನ್ ಮಾಡಿದೆ. ಅವ್ವ ಕೂಸಿನ ಸುದ್ದಿ ಕೇಳಿ ಅತ್ತಳು. ಆಮೇಲೆ, "ನಿನ್ನ ಯಾರು ಕರ್ಕೊಂಡು ಬಂದ್ರು?" ಎಂದಳು.

"ನಾನ ಬಂದೆ ಅವ್ವಾ, ಕಾರ್ ಹೊಡ್ಕೊಂಡು. ಒಬ್ಬಾಕಿನ."

"ಸುಳ್ಳ ಹೇಳಬ್ಯಾಡ. ಅಳಿಯಂದ್ರಿಗೆ ಫೋನ್ ಕೊಡು."

ಮರುದಿನ ಬೆಳಿಗ್ಗೆ, ಅವ್ವ ಕಲಿಸಿದಂತೆ, ಕಣ್ಣು ಬಿಟ್ಟೊಡನೆ ಅಂಗೈ ನೋಡಿಕೊಂಡೆ. ಸ್ಟಿಯರಿಂಗ್ ಬಿಗಿಹಿಡಿದು ಇನ್ನೂ ನೋಯುತ್ತಿತ್ತು. ಅಂಗೈಯಲ್ಲಿ ಲಕ್ಷ್ಮಿ ಇದ್ದಾಳೆ ಎಂದು ಹೇಳಿಕೊಟ್ಟವಳೇ ಈ ಕೈಯನ್ನು ನಂಬಲಿಲ್ಲ. ನಂಬಿದವನು, ಬಾಗಿಲಿಗೆ ಹೋದರೆ ವಾಪಸ್ ಕಳಿಸುವ ಪರರ ದೇವರು. ಅತ್ತುಬಿಟ್ಟೆ.

ಅವನ ಮೇಲಿನ ಗುಮಾನಿ ನನಗಿನ್ನೂ ಪೂರ್ತಿ ಹೋಗಿಲ್ಲ. ಆದರೂ ದಿನಾ ಅಂಗೈ ನೋಡಿಕೊಂಡ ಮೇಲೆ, ಕನ್ನಡದಲ್ಲೇ, ಅವನಿಗೂ ಒಂದು ಮಾತು ಹೇಳಿ ಏಳುತ್ತೇನೆ. ಇದನ್ನು ಅವ್ವನಿಗೂ ಹೇಳಿಲ್ಲ, ಮಿರಿಯಮ್ ಆಂಟಿಗೂ ಹೇಳಿಲ್ಲ.